ಗಟ್ಟಿ, ತಗಡು, ರೇಕು, ನೀರು: ‘ಚಿನ್ನದ’ ಎಂದಾಗ ಚಿನ್ನ ಎಷ್ಟು?

ಪ್ರಶ್ನೆ: ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಗಿಲ್ಡೆಡ್’ (ಮೇಲೆ ಚಿನ್ನದ ಲೇಪವಿರುವ) ಎಂಬ ಪದ ಮೂರು ಕಡೆ ಬಂದಿದೆ: ಅರಮನೆಯ ಚಾವಣಿ, ಸಿರಿವಂತರ ಮನೆಯ ಮಕ್ಕಳ ಬದುಕು, ಅಮೆರಿಕದ ಚರಿತ್ರೆಯ ‘ಗಿಲ್ಡೆಡ್ ಏಜ್’. ಮೂರಕ್ಕೂ ‘ಸುವರ್ಣ’ ಎಂದೇ ಹಾಕಿದ್ದೆ. ಓದಿ ನೋಡಿದವರು ಮೂರನೆಯದು ಪೂರ್ತಿ ತಪ್ಪು ಎಂದರು. ಏಕೆ? (ಧಾರವಾಡದ ಓದುಗರು)

ಉತ್ತರ: ಅವರು ಹೇಳಿದ್ದು ಸರಿ. ‘ಸುವರ್ಣಯುಗ’ ಎಂದರೆ ಎಲ್ಲವೂ ಸಮೃದ್ಧವಾಗಿದ್ದ ಕಾಲ. ‘ಗಿಲ್ಡೆಡ್ ಏಜ್’ ಹುಟ್ಟಿದ್ದು ಅದನ್ನು ಅಣಕಿಸಲು. ಮಾರ್ಕ್ ಟ್ವೈನ್ ಮತ್ತು ಚಾರ್ಲ್ಸ್ ಡಡ್ಲಿ ವಾರ್ನರ್ ಸೇರಿ 1873ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರದು. ರೈಲು, ಉಕ್ಕು, ಎಣ್ಣೆ ವ್ಯಾಪಾರದಲ್ಲಿ ಕೆಲವರು ಕೋಟ್ಯಧಿಪತಿಗಳಾಗಿ, ಕಾರ್ಖಾನೆಯ ಕೂಲಿಯವರು ಇಕ್ಕಟ್ಟಿನ ವಠಾರಗಳಲ್ಲಿ ದಿನ ದೂಡುತ್ತಿದ್ದ, ಲಂಚ ತಾಂಡವವಾಡುತ್ತಿದ್ದ ಕಾಲಕ್ಕೆ, ಅಂದರೆ 1870ರ ದಶಕದಿಂದ ಆ ಶತಮಾನದ ಕೊನೆಯವರೆಗಿನ ಅವಧಿಗೆ, ಚರಿತ್ರಕಾರರು ಮುಂದೆ ಅದೇ ಹೆಸರನ್ನು ಇಟ್ಟರು. ಮೇಲೆ ಹೊಳಪು, ಕೆಳಗೆ ತುಕ್ಕು ಎಂಬುದೇ ಅದರ ಅರ್ಥ. ಕನ್ನಡದಲ್ಲಿ ‘ಗಿಲೀಟು ಯುಗ’ ಎನ್ನಿ. ಕಿವಿಗೆ ಒರಟಾಗಿ ಕೇಳಿಸಿದರೆ ಕೇಳಿಸಲಿ, ಮೂಲದಲ್ಲೂ ಅದು ಒರಟು ಮಾತೇ.

ನೀವು ಎಡವಿದ್ದಕ್ಕೆ ಕಾರಣ ನಮ್ಮ ಷಷ್ಠಿ ವಿಭಕ್ತಿಯಲ್ಲಿದೆ. ‘ಚಿನ್ನದ ಬಳೆ’ ಎಂದರೆ ಚಿನ್ನದಲ್ಲೇ ಮಾಡಿದ್ದು. ‘ಚಿನ್ನದ ಬಣ್ಣ’ದಲ್ಲಿ ಚಿನ್ನವೇ ಇಲ್ಲ. ‘ಚಿನ್ನದ ಅಂಗಡಿ’ಯಲ್ಲಿ ಚಿನ್ನ ಮಾರುತ್ತಾರೆ. ದಸರಾ ಮೆರವಣಿಗೆಯ ‘ಚಿನ್ನದ ಅಂಬಾರಿ’ಯಾದರೋ ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿದ್ದು. ಅದರ ತೂಕ ಸುಮಾರು 750 ಕೆ.ಜಿ. ಎನ್ನುತ್ತಾರೆ. ಒಂದು ಲೀಟರ್ ಚಿನ್ನ 19.3 ಕೆ.ಜಿ. ತೂಗುವುದರಿಂದ, 750 ಕೆ.ಜಿ. ಪೂರ್ತಿ ಚಿನ್ನವೇ ಆಗಿದ್ದರೆ ಅದರ ಗಾತ್ರ 39 ಲೀಟರ್, ಅಂದರೆ ಮನೆಗೆ ತರಿಸುವ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನ್‌ಗಳಷ್ಟೂ ಇಲ್ಲ. ಅಷ್ಟರಲ್ಲಿ ದೇವಿಯನ್ನು ಕೂರಿಸುವ ಮಂಟಪ ಆಗುವುದಿಲ್ಲ. ಆದರೂ ಅದನ್ನು ಯಾರೂ ‘ಚಿನ್ನ ಹೊದಿಸಿದ ಅಂಬಾರಿ’ ಎನ್ನುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಸಂಸ್ಕೃತದ ‘-ಮಯ’ ಪ್ರತ್ಯಯದ್ದೂ ಇದೇ ಪಾಡು. ‘ಸುವರ್ಣಮಯ’ ಎಂದರೆ ಸುವರ್ಣದಿಂದಾದದ್ದು ಎಂದೂ ಆಗುತ್ತದೆ, ಸುವರ್ಣ ತುಂಬಿದ್ದು ಎಂದೂ ಆಗುತ್ತದೆ.

ಹಾಗೆಂದು ಕನ್ನಡ ಇಲ್ಲಿ ಬಡವಾಗಿಲ್ಲ. ಚಿನ್ನ ಎಷ್ಟು ದಪ್ಪವಿದೆ, ಅದನ್ನು ಹೇಗೆ ಕೂರಿಸಿದ್ದಾರೆ ಎಂಬುದಕ್ಕೆ ಬೇರೆ ಬೇರೆ ಮಾತುಗಳಿವೆ. ದಪ್ಪದಿಂದ ತೆಳುವಿಗೆ ಇಳಿದು ಬಂದರೆ ಗಟ್ಟಿ, ತಗಡು, ರೇಕು, ನೀರು. ಗಟ್ಟಿ ಎಂದರೆ ಒಳಗೂ ಹೊರಗೂ ಚಿನ್ನ. ತಗಡನ್ನು ‘ಹೊದಿಸುತ್ತಾರೆ’: ಗರ್ಭಗುಡಿಯ ಬಾಗಿಲು, ಗೋಪುರ, ಉತ್ಸವದ ಪಲ್ಲಕ್ಕಿ. ರೇಕನ್ನು ‘ಅಂಟಿಸುತ್ತಾರೆ’. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಬಿಳಿ ಸಫೇದ ಪುಡಿ, ಹಳದಿ ಮಕ್ಕಿ ಬಣ್ಣ ಮತ್ತು ಗೋಂದು ಕಲಸಿದ ಸರಿಯಿಂದ ಒಡವೆಗಳನ್ನು ಸಣ್ಣಗೆ ಉಬ್ಬಿಸಿ ಬರೆದು, ಅದರ ಮೇಲೆ ಕೂರಿಸುವುದು ರೇಕನ್ನೇ. ನೀರನ್ನು ‘ಹಾಕಿಸುತ್ತಾರೆ’ ಅಥವಾ ‘ಕೊಡಿಸುತ್ತಾರೆ’. ಇವುಗಳ ಜೊತೆಗೆ ‘ಕಟ್ಟಿಸು’ ಎಂಬ ಚೆಂದದ ಕ್ರಿಯಾಪದವೂ ಇದೆ. ‘ಚಿನ್ನ ಕಟ್ಟಿಸಿದ ರುದ್ರಾಕ್ಷಿ’ ಎಂದರೆ ಮಣಿ ಕಾಣುತ್ತಿರುತ್ತದೆ, ಚಿನ್ನ ಅದರ ಎರಡು ತುದಿಯನ್ನು ಹಿಡಿದಿರುತ್ತದೆ. ಇಂಗ್ಲಿಷಿನ ‘ಗಿಲ್ಡೆಡ್’ ಇಲ್ಲಿಗೆ ಹೊಂದುವುದೇ ಇಲ್ಲ.

ಇನ್ನು ನಿಮ್ಮ ಚಾವಣಿ. ಯುರೋಪಿನ ಅರಮನೆಯ ಗಾರೆ ಅಥವಾ ಮರದ ಕೆತ್ತನೆಯ ಚಾವಣಿಯಾದರೆ ಅದು ಹೆಚ್ಚಾಗಿ ರೇಕು ಅಂಟಿಸಿದ್ದೇ. ‘ಚಿನ್ನದ ರೇಕಿನ ಚಾವಣಿ’ ಸಾಕು. ಮೂಲದಲ್ಲಿ ವಿವರ ಇಲ್ಲದಿದ್ದರೆ ‘ಸ್ವರ್ಣಲೇಪಿತ’ ಎನ್ನಿ. ಪತ್ರಿಕೆಗಳ ‘ಚಿನ್ನಲೇಪಿತ’ವನ್ನು ಅರಿಸಮಾಸ ಎಂದು ಮೂಗು ಮುರಿಯುವವರಿದ್ದಾರೆ. ನಮಗೆ ಅದರಲ್ಲಿ ತಕರಾರಿಲ್ಲ, ಹಾಲು, ಚಿನ್ನ, ತೂಕ ಯಾವುದರಲ್ಲೂ ಬೆರಕೆ ಬೇಡ ಎಂಬ ಹಟ ಮಾತಿಗೆ ಬೇಕಿಲ್ಲ. ಮಕ್ಕಳ ಬದುಕಿನ ವಿಷಯದಲ್ಲಿ ಲೇಖಕರ ಧಾಟಿ ನೋಡಿ: ಬರಿಯ ಸಿರಿತನದ ವರ್ಣನೆಯಾದರೆ ‘ಸುಖದ ಸುಪ್ಪತ್ತಿಗೆ’, ಟೊಳ್ಳು ಎಂಬ ಕುಟುಕು ಇದ್ದರೆ ‘ಗಿಲೀಟಿನ ಬದುಕು’. ಮುಂದೆ ಎಲ್ಲಾದರೂ ‘ಗಿಲ್ಡೆಡ್ ಕೇಜ್’ ಬಂದರೆ ಗಿಲೀಟಿನ ಪಂಜರ ಎನ್ನಬೇಡಿ. ‘ಚಿನ್ನದ ಪಂಜರ’ ನಮ್ಮಲ್ಲಿ ಬೇರೂರಿದ ಮಾತು. ಅಲ್ಲಿ ಚುಚ್ಚುವುದು ‘ಪಂಜರ’ ಎಂಬ ಪದ, ಚಿನ್ನ ಅಸಲಿಯಾಗಿದ್ದಷ್ಟೂ ಒಳ್ಳೆಯದು.

ಒಂದು ಎಚ್ಚರಿಕೆ. ‘ಪುಟವಿಟ್ಟ ಚಿನ್ನ’ವನ್ನು ಲೇಪದ ಅರ್ಥದಲ್ಲಿ ಬಳಸುವವರು ಹೆಚ್ಚುತ್ತಿದ್ದಾರೆ. ಪುಟವಿಡುವುದೆಂದರೆ ಬೆಂಕಿಗೆ ಹಾಕಿ ಬೆರಕೆಯನ್ನು ಸುಟ್ಟು ತೆಗೆಯುವುದು. ಲೇಪದಲ್ಲಿ ಮೇಲೆ ಏನೋ ಸೇರುತ್ತದೆ, ಪುಟದಲ್ಲಿ ಒಳಗಿನದು ಕಳೆಯುತ್ತದೆ.

ಪ್ರಶ್ನೆ: ಗಾಯಕ್ಕೆ ಹಚ್ಚುವುದೂ ಮುಲಾಮು, ಒಡವೆಗೆ ಹಾಕುವುದೂ ಮುಲಾಮು. ಎರಡೂ ‘ಹಚ್ಚುವುದು’ ಎಂಬ ಕಾರಣಕ್ಕೆ ಒಂದೇ ಪದವೇ? ಗಿಲೀಟು ಕನ್ನಡದ್ದೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಎರಡು ಬೇರೆ ಪದಗಳು ಕನ್ನಡಕ್ಕೆ ಬಂದು ಒಂದೇ ರೂಪ ತಾಳಿವೆ. ಔಷಧದ ಮುಲಾಮಿನ ಮೂಲ ಅರಬಿಯ ‘ಮರ್ಹಮ್’. ಒಡವೆಯ ಮುಲಾಮಿನ ಮೂಲ ‘ಮುಲಮ್ಮ’, ಹೊಳೆಯುವಂತೆ ಮಾಡಿದ್ದು ಎಂದು ಅರ್ಥ. ಮರಾಠಿಯಲ್ಲಿ ಇವತ್ತಿಗೂ ಎರಡು ಬೇರೆಯೇ: ಮಲಮ ಔಷಧ, ಮುಲಾಮಾ ಲೇಪ. ತಮಿಳಿನಲ್ಲಿ ‘ಮುಲಾಂ’ ಎಂದರೆ ಲೇಪ. ಕನ್ನಡದಲ್ಲಿ ಮಾತ್ರ ಎರಡೂ ಒಂದಾಗಿ, ಕೊನೆಗೆ ಔಷಧವೇ ಗೆದ್ದಿದೆ. ಇಂದಿನ ಓದುಗರಿಗೆ ‘ಬೆಳ್ಳಿ ಲೋಟಕ್ಕೆ ಮುಲಾಮು ಹಾಕಿಸಿದರು’ ಎಂದು ಬರೆದರೆ ನಗುತ್ತಾರೆ. ‘ಚಿನ್ನದ ಮುಲಾಮು’ ಎಂದು ಲೋಹದ ಹೆಸರು ಸೇರಿಸಿದರೆ ತೊಂದರೆಯಿಲ್ಲ.

‘ಚಿನ್ನದ ನೀರು’ ಎಂಬ ಮಾತು ಕೆಲಸವನ್ನು ಕಣ್ಣಾರೆ ಕಂಡವರದು. ವಿದ್ಯುತ್ತು ಬರುವ ಮೊದಲು ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಬೆಣ್ಣೆಯಂಥ ಮುದ್ದೆಯಾದದ್ದನ್ನು ತಾಮ್ರ ಅಥವಾ ಬೆಳ್ಳಿಯ ಮೇಲೆ ಸವರಿ, ಕೆಂಡದ ಮೇಲೆ ಹಿಡಿಯುತ್ತಿದ್ದರು. ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗಿ ಹೋಗುತ್ತದೆ, ಚಿನ್ನ ಮಂಕಾಗಿ ಉಳಿಯುತ್ತದೆ, ಆಮೇಲೆ ಉಜ್ಜಿ ಒಪ್ಪ ಕೊಟ್ಟರೆ ಹೊಳಪು. ಆ ಆವಿ ಕುಡಿದವರ ನರಗಳನ್ನು, ಮೂತ್ರಪಿಂಡವನ್ನು ತಿನ್ನುತ್ತದೆ. ಈ ವಿಧಾನ ಮೂಲೆ ಸೇರಿದ್ದು ಒಳ್ಳೆಯದೇ ಆಯಿತು.

ಗಿಲೀಟು ಇಂಗ್ಲಿಷಿನ ‘ಗಿಲ್ಟ್’ನ ಮಗು. ಹಿಂದಿಯಲ್ಲಿ ಅದೇ ಪದ ‘ಗಿಲಟ್’ ಆಗಿ, ಬೆಳ್ಳಿಯಂತೆ ಕಾಣುವ ಅಗ್ಗದ ಬಿಳಿ ಲೋಹದ ಕಾಲ್ಗೆಜ್ಜೆಗೆ ಅಂಟಿಕೊಂಡಿದೆ, ಬಂಗಾರದ ನಂಟೇ ತಪ್ಪಿದೆ. ಕನ್ನಡದಲ್ಲಿ ಬಂಗಾರ ಉಳಿಯಿತು, ಮಾನ ಹೋಯಿತು. ತಗಡು ಹೊದಿಸಿದ್ದನ್ನು ಗಿಲೀಟು ಎಂದರೆ ಕೊಟ್ಟ ಭಕ್ತರು ಜಗಳಕ್ಕೆ ಬರುತ್ತಾರೆ. ಮಾತಿಗೆ, ನಗುವಿಗೆ, ವಿನಯಕ್ಕೆ ಗಿಲೀಟು ಹಾಕಬಹುದು, ‘ಗಿಲೀಟು ಮಾತು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಲೇಪ’ಕ್ಕೆ ಈ ಕೆಟ್ಟ ಹೆಸರಿಲ್ಲ.

ಗಿಲೀಟಿಗಿಂತ ಕೆಳಗೂ ಒಂದು ಮೆಟ್ಟಿಲಿದೆ: ಚಿನ್ನ ಒಂದು ಗುಲಗಂಜಿಯಷ್ಟೂ ಇಲ್ಲದೆ ಮಿರುಗುವುದು. ಅದಕ್ಕೆ ‘ಬೇಗಡೆ’, ‘ಕಾಗೆಬಂಗಾರ’ ಎಂಬ ಹಳೆಯ ಮಾತುಗಳಿವೆ. ಕಾಗೆಬಂಗಾರ ಎಂದರೆ ಪದರ ಪದರವಾಗಿ ಏಳುವ ಅಭ್ರಕ. ಮಾತಿನಲ್ಲಿ ಪೊಳ್ಳು ಮಿನುಗಿಗೆಲ್ಲ ಸಲ್ಲುತ್ತದೆ. ಇದನ್ನು ಬರವಣಿಗೆಯಲ್ಲಿ ಇನ್ನಷ್ಟು ಬಳಸಬಹುದು.

ಪ್ರಶ್ನೆ: ‘ಒಂದು ಗ್ರಾಂ ಚಿನ್ನ’ ಎಂದು ಮಾರುವ ಸರದಲ್ಲಿ ನಿಜಕ್ಕೂ ಒಂದು ಗ್ರಾಂ ಇರುತ್ತದೆಯೇ? ರೋಲ್ಡ್‌ಗೋಲ್ಡ್, ಕವರಿಂಗ್, ವರ್ಮೀಲ್ ಇವೆಲ್ಲ ಬೇರೆ ಬೇರೆಯೇ? ಮೂರು ತಿಂಗಳಲ್ಲಿ ಕಪ್ಪಾಗುವುದೇಕೆ? (ದಾವಣಗೆರೆಯ ಓದುಗರು)

ಉತ್ತರ: ಲೆಕ್ಕ ಹಾಕಿಯೇ ನೋಡೋಣ. ಸರದ ಹೊರಮೈ ಒಟ್ಟು 100 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ಮೇಲೆ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಚಿನ್ನ ಕೂರಿಸಲು ಬೇಕಾಗುವುದು 0.19 ಗ್ರಾಂ. ಪೂರ್ತಿ ಒಂದು ಗ್ರಾಂ ಹಾಕಿದರೆ ಪದರ ಐದು ಮೈಕ್ರಾನ್ ದಾಟುತ್ತದೆ, ಅಂಥದ್ದು ವರ್ಷಗಟ್ಟಲೆ ಬಾಳುತ್ತದೆ. ಮೂರು ತಿಂಗಳಲ್ಲಿ ಮಾಸುವ ಸರದ ಪದರ ಮೈಕ್ರಾನಿನ ಹತ್ತರಲ್ಲೊಂದು ಭಾಗ ಇದ್ದರೆ ಅದರಲ್ಲಿರುವ ಚಿನ್ನ 19 ಮಿಲಿಗ್ರಾಂ. ‘ಒಂದು ಗ್ರಾಂ’ ಎಂಬುದು ವ್ಯಾಪಾರದ ಹೆಸರು, ಅದನ್ನು ತೂಕದ ಭರವಸೆ ಎಂದುಕೊಳ್ಳಬೇಡಿ. ಒಂದು ಗ್ರಾಂ ಚಿನ್ನದ ಇವತ್ತಿನ ದರಕ್ಕೂ ಸರದ ಬೆಲೆಗೂ ಹೋಲಿಸಿದರೆ ಅಂಗಡಿಯಲ್ಲೇ ಉತ್ತರ ಸಿಗುತ್ತದೆ.

‘ರೋಲ್ಡ್‌ಗೋಲ್ಡ್’ ಮೂಲದಲ್ಲಿ ಹಿತ್ತಾಳೆಗೆ ಚಿನ್ನದ ತಗಡು ಬೆಸೆದು ರೋಲರ್ ನಡುವೆ ಒತ್ತಿದ್ದು. ಇಂದು ಆ ಹೆಸರಿನಲ್ಲಿ ಸಿಗುವುದು ಬಹುಪಾಲು ವಿದ್ಯುತ್ ಲೇಪದ್ದೇ. ‘ಕವರಿಂಗ್’ ತಮಿಳುನಾಡಿನ ಕಡೆಯಿಂದ ಬೆಂಗಳೂರಿಗೆ ಬಂದ ಮಾತು, ಅದೂ ಲೇಪವೇ. ‘ವರ್ಮೀಲ್’ಗೆ ಮಾತ್ರ ಒಂದು ಅಳತೆಯಿದೆ: ಅಮೆರಿಕದ ಮಾರ್ಗಸೂಚಿಯಂತೆ ಒಳಗೆ 92.5% ಬೆಳ್ಳಿ, ಮೇಲೆ ಕನಿಷ್ಠ 10 ಕ್ಯಾರಟ್ ಚಿನ್ನ, ದಪ್ಪ ಕನಿಷ್ಠ 2.5 ಮೈಕ್ರಾನ್. ಹೊರದೇಶದ ಅಂಗಡಿಯಿಂದ ತರಿಸುವ ‘ಗೋಲ್ಡ್ ಫಿಲ್ಡ್’ನಲ್ಲಿ ಒಟ್ಟು ತೂಕದ ಇಪ್ಪತ್ತರಲ್ಲಿ ಒಂದು ಭಾಗ ಚಿನ್ನದ ಪದರ ಇರಬೇಕು. 20 ಗ್ರಾಂ ಸರದಲ್ಲಿ ಒಂದು ಗ್ರಾಂ. ಹೆಸರಿನಲ್ಲಿ ಗ್ರಾಂ ಇಲ್ಲದ ಇದರಲ್ಲೇ ಗ್ರಾಂ ಇದೆ.

ಕಪ್ಪಾಗುವ ಕಾರಣ ತಿಳಿಯಲು ಲೇಪ ಹಾಕುವ ಕ್ರಮ ನೋಡಬೇಕು. ಹಿತ್ತಾಳೆ ಒಡವೆಗೆ ಮೊದಲು ಒಪ್ಪ. ಆಮೇಲೆ ಜಿಡ್ಡು ತೆಗೆಯುವ ಬಿಸಿ ಕ್ಷಾರದ ತೊಟ್ಟಿ. ತೊಳೆದು, ತೆಳು ಗಂಧಕಾಮ್ಲದಲ್ಲಿ ಒಂದು ಅದ್ದು. ಮತ್ತೆ ತೊಳೆದು ತಾಮ್ರದ ಪದರ, ಅದರ ಮೇಲೆ ನಿಕ್ಕಲ್ ಪದರ. ಕೊನೆಗೆ 50ರಿಂದ 65 ಡಿಗ್ರಿ ಬಿಸಿಯ ಚಿನ್ನದ ದ್ರಾವಣ. ಅದರಲ್ಲಿರುವುದು ಪೊಟ್ಯಾಸಿಯಂ ಗೋಲ್ಡ್ ಸೈನೈಡ್, ಆ ಲವಣದ ತೂಕದಲ್ಲಿ ಸುಮಾರು 68% ಚಿನ್ನವೇ. ಕೆಲವು ಸೆಕೆಂಡಿನಲ್ಲಿ ಬಣ್ಣ ಬಂದುಬಿಡುತ್ತದೆ, ದಪ್ಪ ಬರಲು ನಿಮಿಷಗಳು ಬೇಕು. ಅಗ್ಗದ ಮಾಲಿನವರು ಸೆಕೆಂಡಿಗೇ ಎತ್ತುತ್ತಾರೆ. ಸೈನೈಡ್ ದ್ರಾವಣಕ್ಕೆ ಆಮ್ಲ ತಾಗಿದರೆ ಕೊಲ್ಲುವ ಅನಿಲ ಏಳುತ್ತದೆ, ಆದ್ದರಿಂದ ವಿಡಿಯೊ ನೋಡಿ ಮನೆಯಲ್ಲಿ ಮಾಡಹೊರಟವರು ಅಲ್ಲೇ ನಿಲ್ಲಬೇಕು.

ಕೆಡುವುದು ಎರಡು ಕಡೆ. ಜಿಡ್ಡು ಸರಿಯಾಗಿ ಹೋಗದಿದ್ದರೆ ಆ ಜಾಗದಲ್ಲಿ ಲೇಪ ಹಿಡಿಯದೆ ಚಕ್ಕೆ ಏಳುತ್ತದೆ, ಅಕ್ಕಸಾಲಿಗನ ಒಂದು ಬೆರಳ ಗುರುತು ಸಾಕು. ನಿಕ್ಕಲ್ ಪದರದ ಖರ್ಚು ಉಳಿಸಲು ಹೋಗಿ ತಾಮ್ರದ ಮೇಲೇ ಚಿನ್ನ ಹಾಕಿದರೆ ತಾಮ್ರದ ಕಣಗಳು ನಿಧಾನಕ್ಕೆ ತೆಳು ಚಿನ್ನದೊಳಗೆ ನುಸುಳಿ ಮೇಲೆ ಬರುತ್ತವೆ. ಗಾಳಿ, ಬೆವರು ಸೇರಿ ಕಪ್ಪು, ಕತ್ತಿನ ಮೇಲೆ ಹಸಿರು ಗೆರೆ. ಹಾಗೆಂದು ನಿಕ್ಕಲ್ ಇದ್ದರೆ ಎಲ್ಲರಿಗೂ ಒಳ್ಳೆಯದಲ್ಲ, ಕೆಲವರಿಗೆ ಲೇಪ ಸವೆದು ಅದು ಮೈಗೆ ತಾಗಿದೊಡನೆ ತುರಿಕೆ, ಗುಳ್ಳೆ. ಅಂಥವರು ನಿಕ್ಕಲ್ ಇಲ್ಲದ್ದನ್ನು ಕೇಳಿ ಪಡೆಯಬೇಕು. ಸರದಲ್ಲಿ ಮೊದಲು ಮಾಸುವುದು ಕೊಕ್ಕೆ ಮತ್ತು ಕೊಂಡಿಗೆ ಕೊಂಡಿ ಉಜ್ಜುವ ಒಳಮೈ. ಸೆಂಟು, ಪೌಡರು ಹಾಕಿ ಒಣಗಿದ ಮೇಲೆ ಸರ ಹಾಕಿ, ತೆಗೆದಾಗ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಹುಣಸೆಹಣ್ಣು, ಹಲ್ಲುಪುಡಿ, ರಂಗೋಲಿ ಪುಡಿ ತಾಮ್ರದ ಚೊಂಬಿಗೆ ಸರಿ, ಇದಕ್ಕೆ ಮುಟ್ಟಿಸಬೇಡಿ. ಒಂದು ಉಜ್ಜಿಗೆ ಇರುವ ಚಿನ್ನವೂ ಹೋಗುತ್ತದೆ.

ಅನುಮಾನ ಬಂದ ಗಟ್ಟಿ ಬಳೆಯನ್ನು (ಟೊಳ್ಳು ಬಳೆ, ಅರಗು ತುಂಬಿದ ಒಡವೆಗೆ ಇದು ನಡೆಯದು) ಮನೆಯಲ್ಲೇ ಪರೀಕ್ಷಿಸಬಹುದು. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಬಳೆಯ ತೂಕ ಬರೆದುಕೊಳ್ಳಿ, 20 ಗ್ರಾಂ ಎನ್ನೋಣ. ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಬಳೆಯನ್ನು ಸಣ್ಣ ದಾರದಲ್ಲಿ ಹಿಡಿದು, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ತಕ್ಕಡಿ 1.1 ಗ್ರಾಂ ಆಸುಪಾಸು ತೋರಿಸಿದರೆ 22 ಕ್ಯಾರಟ್ ಚಿನ್ನದ ಸಾಂದ್ರತೆಗೆ ಹೊಂದುತ್ತದೆ. 1.9 ಬಂದರೆ ಒಳಗೆ ಬೆಳ್ಳಿ, 2.3ರ ಮೇಲೆ ಬಂದರೆ ಹಿತ್ತಾಳೆ. ಬಳೆಗೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ತಪ್ಪುತ್ತದೆ, ಒಮ್ಮೆ ಅಲ್ಲಾಡಿಸಿ ಬಿಡಿಸಿ. ಒರೆಗಲ್ಲಿಗೆ ಹಚ್ಚುವಾಗ ಮೊದಲ ಗೆರೆ ಲೇಪದ್ದೇ ಆಗಿರುತ್ತದೆ, ಅದೇ ಜಾಗವನ್ನು ಎರಡು ಮೂರು ಸಲ ಒತ್ತಿ ತಿಕ್ಕಿದರೆ ಮಾತ್ರ ಒಳಗಿನದು ಹೊರಬರುತ್ತದೆ.

ಹಾಲ್‌ಮಾರ್ಕ್ ಲೇಪದ ಒಡವೆಗೆ ಇಲ್ಲ. ಅಸಲಿ ಚಿನ್ನದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, 22ಕೆ916ರಂಥ ಶುದ್ಧತೆಯ ಅಂಕಿ, ಆ ಒಡವೆಯೊಂದಕ್ಕೇ ಸೇರಿದ ಆರು ಅಕ್ಷರ–ಅಂಕಿಗಳ ಗುರುತು ಸಂಖ್ಯೆ (ಎಚ್‌ಯುಐಡಿ) ಮೂರೂ ಇರಬೇಕು. ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಹಳದಿಯಾಗಿ ಹೊಳೆಯುವ ಒಡವೆಯ ಮೇಲೆ ‘925’ ಎಂದಷ್ಟೇ ಇದ್ದರೆ ಅದು ಒಳಗಿರುವ ಬೆಳ್ಳಿಯ ಗುರುತು.

ಪ್ರಶ್ನೆ: ‘ಜರತಾರಿ’ ಎಂದರೆ ಬಂಗಾರದ ದಾರವೇ? ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಎಷ್ಟು ಬಂಗಾರ? (ಮೈಸೂರಿನ ಓದುಗರು)

ಉತ್ತರ: ಫಾರ್ಸಿಯಲ್ಲಿ ‘ಜರ್’ ಬಂಗಾರ, ‘ತಾರ್’ ಎಳೆ. ಹೆಸರಿನಲ್ಲಿ ಬಂಗಾರವೇ ಇದ್ದರೂ ಎಳೆಯಲ್ಲಿ ಹೆಚ್ಚಿರುವುದು ಬೆಳ್ಳಿ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ಸಿಲ್ಕ್‌ನ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ. ನೂರು ಗ್ರಾಂ ಜರಿ ತೂಗಿದರೆ ಬೆಳ್ಳಿ 65 ಗ್ರಾಂ, ಚಿನ್ನ ಒಂದು ಗ್ರಾಮಿಗೂ ಕಡಿಮೆ. ಚಪ್ಪಟೆ ಮಾಡಿದ ಬೆಳ್ಳಿ ತಂತಿಯನ್ನು ನೂಲಿನ ಸುತ್ತ ಸುತ್ತಿ ಮೇಲೆ ಚಿನ್ನದ ನೀರು ಕೊಡುತ್ತಾರೆ. ಹಳೆಯ ಸೀರೆ ಕೊಳ್ಳುವವರು ಕೊಡುವ ಬೆಲೆ ಆ ಬೆಳ್ಳಿಗೆ, ಆದ್ದರಿಂದ ಬೆಳ್ಳಿ ದರ ಗೊತ್ತಿಲ್ಲದೆ ಚೌಕಾಸಿಗೆ ಕೂರಬೇಡಿ.

ಸೆರಗಿನ ಒಳಬದಿಯಲ್ಲಿ ಸಡಿಲವಾದ ಒಂದು ಎಳೆ ಸಿಕ್ಕರೆ ಬಿಚ್ಚಿ ಉಗುರಿನಿಂದ ಕೆರೆಯಿರಿ. ಬಿಳಿ ಲೋಹ ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ, ಅಂದರೆ ‘ಟೆಸ್ಟೆಡ್ ಜರಿ’. ಬೆಂಕಿ ಕಡ್ಡಿಗೆ ಹಿಡಿದಾಗ ಕರಗಿ ಮಣಿಯಂತೆ ಗಂಟಾದರೆ ಪ್ಲಾಸ್ಟಿಕ್ ಜರಿ. ಒಳಗಿನ ನೂಲು ರೇಷ್ಮೆಯಾದರೆ ಅದು ಕೂದಲು ಸುಟ್ಟ ವಾಸನೆ ಬಿಟ್ಟು ಪುಡಿ ಬೂದಿಯಾಗುತ್ತದೆ, ತಂತಿ ಉಳಿಯುತ್ತದೆ. ನುಸಿಗುಳಿಗೆ ತಾಗುವಂತೆ ಇಟ್ಟರೆ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಅಸಲಿ ಜರಿಯೂ ಮಂಕಾಗಿ ಮುರಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಪ್ರಶ್ನೆ: ಗಿಲೀಟು ಎಂದರೆ ನಕಲಿ ಎನ್ನುತ್ತೀರಿ. ಹಾಗಾದರೆ ಮ್ಯೂಚುವಲ್ ಫಂಡ್‌ನವರ ‘ಗಿಲ್ಟ್ ಫಂಡ್’ ಸುರಕ್ಷಿತ ಹೇಗೆ? (ಮಂಗಳೂರಿನ ಓದುಗರು)

ಉತ್ತರ: ಬೇರು ಒಂದೇ, ಮಾನ ಬೇರೆ. ಬ್ರಿಟನ್ನಿನ ಸರ್ಕಾರಿ ಸಾಲಪತ್ರಗಳ ಅಂಚಿಗೆ ಚಿನ್ನದ ಬಣ್ಣ ಕೊಡುತ್ತಿದ್ದುದರಿಂದ ಅವು ‘ಗಿಲ್ಟ್’ ಎನಿಸಿದವು. ಅಲ್ಲಿ ಹೊಳೆದದ್ದು ಅಂಚು ಮಾತ್ರ, ನಂಬಿಕೆ ಸರ್ಕಾರದ ಮೇಲೆ. ನಮ್ಮಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮದಂತೆ ಗಿಲ್ಟ್ ಫಂಡ್ ಕನಿಷ್ಠ 80% ಹಣವನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು. ಸಾಲ ಮುಳುಗುವ ಭಯ ಬಹಳ ಕಡಿಮೆ. ಬಡ್ಡಿದರದ ಏರಿಳಿತದ ಭಯ ಇದ್ದೇ ಇದೆ: ಫಂಡಿನ ಮಾಡಿಫೈಡ್ ಡ್ಯುರೇಶನ್ (ಬಡ್ಡಿ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬ ಅಳತೆ) 7 ಇದ್ದು ಮಾರುಕಟ್ಟೆ ಬಡ್ಡಿ ಒಂದು ಶೇಕಡಾ ಅಂಶ ಏರಿದರೆ ಯೂನಿಟ್ಟಿನ ಬೆಲೆ ಸುಮಾರು 7% ಇಳಿಯುತ್ತದೆ. ಒಂದೆರಡು ವರ್ಷದಲ್ಲಿ ಬೇಕಾಗುವ ಹಣಕ್ಕೆ ಇದು ತಕ್ಕ ಜಾಗವಲ್ಲ. ಅಂದ ಹಾಗೆ, ತಪ್ಪಿತಸ್ಥ ಭಾವದ ‘ಗಿಲ್ಟ್’ ಕೂಡ ಕನ್ನಡ ಲಿಪಿಯಲ್ಲಿ ಹೀಗೇ ಕಾಣುವುದರಿಂದ, ‘ಗಿಲ್ಟ್ ಕಾಡುತ್ತಿದೆ’ ಎಂದು ಹಣಕಾಸು ಪುಟದಲ್ಲಿ ಬರೆಯುವ ಮೊದಲು ಒಮ್ಮೆ ಯೋಚಿಸಿ.

ಪ್ರಶ್ನೆ: ‘ಐಷಾರಾಮಿ’ಗೂ ‘ಐಶ್ವರ್ಯ’ಕ್ಕೂ ಸಂಬಂಧ ಇದೆಯೇ? ‘ವಿಲಾಸಿ’ ಎಂದರೂ ಅದೇ ಅಲ್ಲವೇ? (ಹಾಸನದ ಓದುಗರು)

ಉತ್ತರ: ಸಂಬಂಧವಿಲ್ಲ. ಐಶ್ವರ್ಯ ‘ಈಶ್ವರ’ನಿಂದ ಬಂದದ್ದು, ಒಡೆತನ ಅದರ ತಿರುಳು. ಐಷಾರಾಮದಲ್ಲಿ ಎರಡು ಪದಗಳಿವೆ: ಅರಬಿಯ ‘ಐಷ್’ ಭೋಗ, ಫಾರ್ಸಿಯ ‘ಆರಾಮ್’ ನೆಮ್ಮದಿ. ಐಶ್ವರ್ಯ ಇದ್ದೂ ಐಷಾರಾಮ ಇಲ್ಲದ ಮನೆಗಳು ಬೇಕಾದಷ್ಟಿವೆ, ಸಾಲ ಮಾಡಿ ಐಷಾರಾಮ ನಡೆಸುವ ಮನೆಗಳೂ ಕಡಿಮೆಯಿಲ್ಲ. ‘ವಿಲಾಸಿ’ಯಲ್ಲಿ ಶೋಕಿಯ ಛಾಯೆ ಹೆಚ್ಚು, ಬಸ್ಸಿಗೆ ಹೋಟೆಲಿಗೆ ಹೊಂದುತ್ತದೆ, ಮನುಷ್ಯರಿಗೆ ಅಂಟಿಸಿದರೆ ಬೈಗುಳದ ಹತ್ತಿರ ಹೋಗುತ್ತದೆ. ಬರಿಯ ‘ವಿಲಾಸ’ ಲಕೋಟೆಯ ಮೇಲಿನ ವಿಳಾಸವೂ ಆಗಬಲ್ಲದು. ಮದುವೆ, ಊಟಕ್ಕೆ ‘ಭರ್ಜರಿ’ಯೇ ಸರಿ, ಅಲ್ಲಿ ಐಷಾರಾಮಿ ಎಂದರೆ ಜಾಹೀರಾತಿನ ವಾಸನೆ. ಗುಣವಾಚಕ ‘ಐಷಾರಾಮಿ’, ನಾಮಪದ ‘ಐಷಾರಾಮ’. ‘ಐಷಾರಾಮಿತನ’ ಎಂದು ಇನ್ನೊಂದು ಬಾಲ ಬೇಕಿಲ್ಲ.